ಗಿಡ ಕಿತ್ತವಳ ಜೊತೆ ಜರ್ಮನಿಗೆ

ಜರ್ಮನಿಯಿಂದ ಮರಳಿ ಬಂದ ಮೇಲೆ ಹಿರೇಕೆರೂರಿನ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಏನೇನ್ ನೋಡಿದ್ರಿ, ಹೇಳ್ರಲ್ಲಾ!" ಅರಮನೆ, ದೊಡ್ಡ ದೊಡ್ಡ ಸೇತುವೆ, ಹಿಮದ ಗುಡ್ಡ ಇಂಥವನ್ನು ಕೇಳಲು ಅವರು ಕುರ್ಚಿ ಎಳೆದುಕೊಂಡು ಕೂತಿದ್ದರು. ನಾನು ನೋಡಿದ್ದು ಸಭೆಗಳನ್ನು. ಬೆಳಗಿನ ಸಭೆ, ಸಂಜೆಯ ಸಭೆ, ಸಂಜೆಯ ಸಭೆಯಲ್ಲಿ ಏನು ಮಾತಾಡಬೇಕೆಂದು ಮಧ್ಯಾಹ್ನ ಸೇರುವ ಸಭೆ. ಒಂದು ಅರಮನೆಯ ಹೊರಗೋಡೆ ಬಸ್ಸಿನ ಕಿಟಕಿಯಿಂದ ಕಂಡಿತ್ತು. ಮಳೆಯಲ್ಲಿ ಅದೂ ನಮ್ಮ ಹಾನಗಲ್ಲಿನ ಹಳೇ ಗೋದಾಮಿನ ಹಾಗೆಯೇ ಕಂಡಿತು. ಹೀಗೆ ಹೇಳಿದಾಗ ಡ್ರಾಯಿಂಗ್ ಮಾಸ್ತರರು ಬೇಜಾರಾಗಿ ಎದ್ದು ಹೋದರು. ಅವರು ಕೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಾನಗಲ್

ಎಂಬತ್ತರ ದಶಕದ ಮಾತು ಇದು. ಹಾನಗಲ್ ತಾಲೂಕಿನ ಕೆಲವು ಹಳ್ಳಿಗಳ ಗಾಯರಾಣವನ್ನು, ಅಂದರೆ ಊರ ದನ, ಆಡು, ಕುರಿಗಳು ಅಜ್ಜ ಮುತ್ತಜ್ಜರ ಕಾಲದಿಂದ ಮೇದುಕೊಂಡು ಬಂದ ಬಯಲನ್ನು, ನೀಲಗಿರಿ ಬೆಳೆಸಲೆಂದು ಒಂದು ಕಾಗದದ ಕಂಪನಿಗೆ ಕೊಟ್ಟುಬಿಟ್ಟಿದ್ದರು. ಊರವರಿಗೆ ಇದು ಗೊತ್ತಾದದ್ದು ಟ್ರ್ಯಾಕ್ಟರು ಬಂದು ನೆಲ ಉತ್ತ ಮೇಲೆ. ರೂಢಿಯಂತೆ ಮೇಯಲು ಹೋದ ಆಡುಗಳನ್ನು ಕಾವಲುಗಾರರು ಹಿಡಿದು, ದಂಡ ಕಟ್ಟುವವರೆಗೆ ದನಕರು ಕೂಡಿಹಾಕುವ ಕೊಂಡವಾಡಕ್ಕೆ ಹಾಕಿದರು. ಮುಂಗಾರಿನಲ್ಲಿ ಸಸಿ ನೆಟ್ಟು ಕಂಪನಿಯವರು ಆ ಕಡೆ ಹೋದದ್ದೇ ತಡ, ಹೆಂಗಸರೆಲ್ಲ ಸೇರಿ ಅವನ್ನು ಕಿತ್ತು ದಂಡೆಗೆ ಒಟ್ಟಿದರು. ಮೊದಲ ಸಸಿಗೆ ಕೈ ಹಾಕಿದವಳು ಫಕೀರವ್ವ.

ಫಕೀರವ್ವನಿಗೆ ಐವತ್ತು ದಾಟಿತ್ತು. ಆಡು ಸಾಕಿ ಬದುಕಿದವಳು. ಗಂಡನದು ಮಾತು ಕಡಿಮೆ, ಅವನ ಪಾಲಿನ ಮಾತನ್ನೂ ಈಕೆಯೇ ಆಡುತ್ತಿದ್ದಳು. ಅವಳ ಮೇಲೆ, ಇನ್ನೂ ಕೆಲವು ಹೆಂಗಸರ ಮೇಲೆ ಕೇಸು ಬಿತ್ತು. ಆ ಕೇಸಿನ ಬೆನ್ನು ಹತ್ತಿ ನಮ್ಮ ಸಂಘ ಹುಟ್ಟಿಕೊಂಡಿತು. ಸಂಘಕ್ಕೆ ಬೋರ್ಡೂ ಇರಲಿಲ್ಲ, ಆಫೀಸೂ ಇರಲಿಲ್ಲ. ಹಾನಗಲ್ ಬಸ್‌ಸ್ಟ್ಯಾಂಡಿನ ಹಿಂದೆ ಇಮಾಮ್‌ಸಾಬನ ಸೈಕಲ್ ಶಾಪು ಇತ್ತು. ಅವನು ಟ್ಯೂಬನ್ನು ನೀರಲ್ಲಿ ಅದ್ದಿ ತೂತು ಹುಡುಕುತ್ತ ಕೂತಿರುತ್ತಿದ್ದ, ನಾವು ಸುತ್ತ ನಿಂತು ಜಗಳಾಡುತ್ತಿದ್ದೆವು. ಅದೇ ಸಭೆ. ಶಿಗ್ಗಾವಿಯ ವಕೀಲರೊಬ್ಬರು ಬರುತ್ತಿದ್ದರು, ಸವಣೂರಿನಿಂದ ಒಂದಿಬ್ಬರು ಕಾಲೇಜು ಹುಡುಗಿಯರು ಬರುತ್ತಿದ್ದರು, ರಜೆಯ ದಿನ ಹಿರೇಕೆರೂರಿನಿಂದ ನಾನು ಹೋಗುತ್ತಿದ್ದೆ. ಒಬ್ಬರಿಗೂ ಸಂಬಳವಿಲ್ಲ, ಹಾಗಾಗಿ ಎಲ್ಲರೂ ಯಜಮಾನರೇ.

ಕಂಪನಿಯ ಈ 'ಹಸಿರು' ಕೆಲಸಕ್ಕೆ ಜರ್ಮನಿಯ ಒಂದು ದಾನನಿಧಿಯ ಬೆಂಬಲ ಇದೆಯೆಂದು ವಕೀಲರು ಪತ್ತೆ ಹಚ್ಚಿದರು. ಆ ನಿಧಿ ಇದ್ದ ಊರಿನಲ್ಲಿಯೇ ನಮ್ಮಂಥ ಸಂಬಳವಿಲ್ಲದವರ ಗುಂಪೊಂದಿತ್ತು. ಅವರಿಗೆ ಬರೆದೆವು. ಅವರು ಕೂಡಲೇ ಇಬ್ಬರನ್ನು ಕರೆದರು, ಟಿಕೆಟ್ಟೂ ಕಳಿಸಿದರು: ನಿಧಿಯ ಅಧಿಕಾರಿಯೊಬ್ಬರು ನಮ್ಮ ಈ ಊರ ಜನರ ಎದುರು ಬಹಿರಂಗವಾಗಿ ಕೂರಲು ಒಪ್ಪಿದ್ದಾರೆ, ಬಂದು ನೇರವಾಗಿ ಹೇಳಿ ಎಂದು. ಮುಂದಿನ ಮಳೆಗೆ ಉಳಿದ ಗಾಯರಾಣಕ್ಕೂ ಸಸಿ ಬೀಳುವುದಿತ್ತು. ಅದು ಬಿದ್ದರೆ ಫಕೀರವ್ವನ ಊರಲ್ಲಿ ಆಡು ಕಟ್ಟಲೂ ಜಾಗ ಉಳಿಯುತ್ತಿರಲಿಲ್ಲ.

ವಕೀಲರೇ ಹೋಗಬೇಕಿತ್ತು, ಕೋರ್ಟು ಬಿಡಲಿಲ್ಲ. ಇಂಗ್ಲಿಷ್ ಕಲಿಸುವವಳೆಂದು ನನ್ನನ್ನು ಮುಂದೆ ತಳ್ಳಿದರು. ನಾನು ಒಲ್ಲೆನೆಂದೆ. ಫಕೀರವ್ವ ಸೈಕಲ್ ಶಾಪಿನ ಕಟ್ಟೆಯ ಮೇಲೆ ಕೂತವಳು ಹೇಳಿದಳು:

"ಆಡಿನ ಸುದ್ದಿ ನಿಮಗ ಬರೂದಿಲ್ಲ, ಇಂಗ್ಲಿಷ್ ನನಗ ಬರೂದಿಲ್ಲ. ಇಬ್ರೂ ಕೂಡಿದ್ರ ಒಬ್ಬ ಮನಶ್ಯಾ ಆಗ್ತೇವಿ. ನಡ್ರಿ ಅಕ್ಕೋರ."

ಮುಂಬಯಿ

ಹುಬ್ಬಳ್ಳಿಯಿಂದ ರೈಲು ಹತ್ತಿ ಮುಂಬಯಿ ಮುಟ್ಟುವಷ್ಟರಲ್ಲೇ ನನ್ನ ತಾಳ್ಮೆಯ ಅರ್ಧ ಮುಗಿದಿತ್ತು. ವಿಮಾನ ನಿಲ್ದಾಣದಲ್ಲಿ ಫಕೀರವ್ವನ ಗಂಟನ್ನು ಬಿಚ್ಚಿಸಿದರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ನಾನೇ ತಂದುಕೊಟ್ಟ ಸವಣೂರ ಖಾರ. ಅದರ ಕೆಳಗೆ ಒದ್ದೆ ಅರಿವೆಯಲ್ಲಿ ಸುತ್ತಿದ ಸವಣೂರ ವೀಳ್ಯದೆಲೆ, ಒಂದು ಕಟ್ಟಲ್ಲ, ಒಂದು ಹೊರೆ. ಇಷ್ಟು ಎಲೆ ಯಾಕೆಂದು ಅಧಿಕಾರಿ ಕೇಳಿದ.

"ಬೀಗರ ಊರಿಗೆ ಬರಿಗೈಲೆ ಹೊಕ್ಕಾರೇನ್ರಿ?" ಎಂದಳು ಫಕೀರವ್ವ. ಆತ ಮರಾಠಿಯವನು, ಅರ್ಥವಾಗದಿದ್ದರೂ ನಕ್ಕು ಬಿಟ್ಟುಬಿಟ್ಟ. ನನ್ನ ಚೀಲದಲ್ಲಿದ್ದ ಸಣ್ಣ ಕತ್ತರಿಯನ್ನು ಮಾತ್ರ ಕಸಿದುಕೊಂಡ.

ವಿಮಾನದಲ್ಲಿ ಫಕೀರವ್ವ ಹೆದರಬಹುದೆಂದು ನಾನು ದಾರಿಯುದ್ದಕ್ಕೂ ಧೈರ್ಯ ಹೇಳಿಕೊಂಡು ಬಂದಿದ್ದೆ. ವಿಮಾನ ಮೇಲೇರಿದ್ದೇ ತಡ ನನಗೆ ಹೊಟ್ಟೆ ತೊಳಸಿಕೊಂಡು ಬಂತು. ಕೊಟ್ಟ ಕಾಗದದ ಚೀಲ ಸಾಲಲಿಲ್ಲ. ಫಕೀರವ್ವ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನನ್ನ ಬೆನ್ನು ತಿಕ್ಕಿದಳು.

"ಹಸಿ ಮೇವು ತಿಂದು ಹೊಟ್ಟಿ ಉಬ್ಬಿದ ಆಡಿಗೆ ಹಿಂಗ ತಿಕ್ಕತೇನ್ರಿ. ಅದು ತೇಗಿದ ಮ್ಯಾಲ ಆರಾಮ ಆಕ್ಕೈತಿ. ತೇಗ್ರಿ."

ಸುತ್ತಲಿನವರು ನೋಡುತ್ತಿದ್ದರು. ನಾನು ತೇಗಿದೆ.

ಫ್ರಾಂಕ್‌ಫರ್ಟ್

ನಮ್ಮನ್ನು ಕರೆದೊಯ್ಯಲು ಯಾರೂ ಕಾಣಲಿಲ್ಲ. ಬಾಗಿಲ ಬಳಿ ಬಹಳ ಹೊತ್ತು ನಿಂತೆವು. ನಮ್ಮಿಂದ ಮಾರು ದೂರದಲ್ಲಿಯೇ ಹೊಂಬಣ್ಣದ ಕೂದಲಿನ ಒಬ್ಬ ಹೆಂಗಸು, ಕೈಯಲ್ಲಿ 'ಫಕೀರ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ರಟ್ಟು ಹಿಡಿದು, ಬರುವ ಹೋಗುವ ಗಂಡಸರ ಮುಖವನ್ನೇ ನೋಡುತ್ತಿದ್ದಳು. ಹೆಸರಿನ ಹಿಂದಿನ 'ಅವ್ವ'ನನ್ನು ಯಾರೋ ನುಂಗಿಬಿಟ್ಟಿದ್ದರು. ಆಕೆ ಕಾಯುತ್ತಿದ್ದದ್ದು ಗಡ್ಡ ಬಿಟ್ಟ ಒಬ್ಬ ಮುದುಕನಿಗಾಗಿ.

ಆಕೆಯೇ ಉಲ್ರಿಕೆ. ವೃತ್ತಿಯಿಂದ ನರ್ಸು, ಉಳಿದ ಹೊತ್ತಿನಲ್ಲಿ ಗುಂಪಿನ ಕೆಲಸ. ನಾಚಿಕೆಯಿಂದ ಕೆಂಪಾಗಿ ಎಷ್ಟು ಸಲ ಕ್ಷಮೆ ಕೇಳಿದಳೆಂದರೆ ಕಡೆಗೆ ನಾನೇ ಬೇಡಿಕೊಳ್ಳಬೇಕಾಯಿತು, ಸಾಕು ಮಾಡಿ ಎಂದು. ದಾರಿಯಲ್ಲಿ ಮೆಲ್ಲಗೆ ಇನ್ನೊಂದು ಸಂಗತಿ ಹೇಳಿದಳು. ಊರ ತುಂಬ ಹಚ್ಚಿದ ಪೋಸ್ಟರಿನಲ್ಲೂ 'ಭಾರತದ ಫಕೀರ್' ಎಂದೇ ಅಚ್ಚಾಗಿದೆ. ಮೊಳೆಯ ಹಾಸಿಗೆಯ ಮೇಲೆ ಮಲಗುವವರು ಬರುತ್ತಾರೆಯೇ ಎಂದು ಕೆಲವರು ವಿಚಾರಿಸಿದ್ದಾರೆ.

ನನ್ನ ಮೈಯೆಲ್ಲ ಉರಿಯಿತು. ಫಕೀರವ್ವನಿಗೆ ಹೇಳಿದೆ.

"ಶಿರಹಟ್ಟಿ ಫಕೀರೇಶಗ ನಮ್ಮವ್ವ ಹರಕಿ ಹೊತ್ತಿದ್ಲು, ಅದಕ್ಕ ಇಟ್ಟ ಹೆಸರು ಅಂತ ಹೇಳ್ರಿ," ಎಂದಳು. ಆಮೇಲೆ, "ಮೊಳಿ ಮ್ಯಾಲ ಮಲಗೂದು ದೊಡ್ಡದಲ್ಲ, ಕೊಂಡವಾಡದ ಮುಂದ ಕುಂತು ನೋಡ ಅನ್ರಿ."

ಉಲ್ರಿಕೆಯ ಮನೆ

ಊರು ಸಣ್ಣದು, ಗುಡ್ಡದ ಬುಡದಲ್ಲಿತ್ತು. ಉಲ್ರಿಕೆಯ ಮನೆಯಲ್ಲಿ ಒಬ್ಬರಿಗೊಬ್ಬರು ಸಂಬಂಧವಿಲ್ಲದ ಹಲವರು ಕೂಡಿ ಇದ್ದರು. ಅಡುಗೆಮನೆಯ ಗೋಡೆಗೆ ಪಾಳಿಯ ಹಾಳೆ ಹಚ್ಚಿದ್ದರು. ಇಂದು ಪಾತ್ರೆ ಯಾರದು, ಕಸ ಯಾರದು. ಆ ಕಸವೂ ಒಂದೇ ಡಬ್ಬಿಗೆ ಹೋಗುವಂತಿಲ್ಲ. ಗಾಜಿಗೆ ಒಂದು, ಕಾಗದಕ್ಕೆ ಒಂದು, ಸಿಪ್ಪೆಗೆ ಒಂದು. ನಾನು ಚಹಾಪುಡಿಯನ್ನು ತಪ್ಪು ಡಬ್ಬಿಗೆ ಹಾಕಿ, ಅದನ್ನು ಯಾರೋ ಚಮಚದಿಂದ ಹೊರತೆಗೆದು ಸರಿಯಾದ ಡಬ್ಬಿಗೆ ಹಾಕುವುದನ್ನು ನಿಂತು ನೋಡಬೇಕಾಯಿತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರ ಕರೀ ಬ್ರೆಡ್ಡು ಕಂಡು ಫಕೀರವ್ವನಿಗೆ ಸಂತೋಷವಾಯಿತು. "ಇದು ನಮ್ಮ ಕಡಕ್ ರೊಟ್ಟಿಯ ಅಜ್ಜ," ಎಂದು ಖಾರ ಉದುರಿಸಿ ತಿಂದಳು. ನನಗೆ ನುಂಗಲಾಗಲಿಲ್ಲ. ಚಹಾ ಕೇಳಿದರೆ ಯಾವುದೋ ಸೊಪ್ಪು ಕುದಿಸಿ ಕೊಡುತ್ತಿದ್ದರು, ಸಕ್ಕರೆಯಿಲ್ಲ, ಹಾಲಿಲ್ಲ. ನಮ್ಮ ಕಡೆ ಜ್ವರ ಬಂದವರಿಗೆ ಕೊಡುವ ಕಷಾಯವನ್ನು ಇವರು ನಗುನಗುತ್ತ ಕುಡಿಯುತ್ತಿದ್ದರು.

ಆದಿತ್ಯವಾರ ದೊಡ್ಡ ಅನಾಹುತವಾಯಿತು. ಫಕೀರವ್ವ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗಿ, ಮೆಟ್ಟಿಲಿನ ಕಲ್ಲಿನ ಮೇಲೆ ಇಬ್ಬರ ಸೀರೆಗಳನ್ನೂ ಬಡಿದು ಒಗೆದು, ಬೇಲಿಯ ಮೇಲೆ ಹರವಿದಳು. ಪಕ್ಕದ ಮನೆಯ ಮುದುಕರು ಕೋಟು ಹಾಕಿಕೊಂಡೇ ಬಂದರು. ಆದಿತ್ಯವಾರ ಸದ್ದು ಮಾಡಬಾರದು, ಅರಿವೆ ಒಣಹಾಕಬಾರದು ಎಂದು ಉಲ್ರಿಕೆಗೆ ಬಹಳ ಹೊತ್ತು ಹೇಳಿದರು. ಹೋಗುವಾಗ ಹೂವಿನಂಥ ಸೀರೆಯ ಸೆರಗನ್ನು ಒಮ್ಮೆ ಮುಟ್ಟಿ ನೋಡಿಯೇ ಹೋದರು.

ಫಕೀರವ್ವ ಬೇಲಿಯ ಮೇಲಿನ ಒದ್ದೆ ಸೀರೆ ತೆಗೆಯುತ್ತ ಕೇಳಿದಳು: "ಅಲ್ರಿ ಅಕ್ಕೋರ, ಒಂದು ಸೀರಿ ಒಗದ್ರ ಇಲ್ಲಿ ಕೇಳಾಕ ಬರ್ತಾರ. ನಮ್ಮ ಗಾಯರಾಣ ಹೋದಾಗ ಯಾರರ ಬಂದಿದ್ರೇನು?"

ಇದನ್ನು ನಾನು ಅನುವಾದಿಸಲಿಲ್ಲ. ಆ ದಿನ ಇನ್ನೊಂದು ಸಭೆ ಆಗುವುದು ನನಗೆ ಬೇಕಿರಲಿಲ್ಲ.

ಚರ್ಚಿನ ನೆಲಮಾಳಿಗೆ

ಅವರ ಸಭೆಗಳು ಅಲ್ಲಿಯೇ ನಡೆಯುತ್ತಿದ್ದವು. ಹಾನಗಲ್ಲಿನಲ್ಲಿ ಸಭೆ ಎಂದರೆ ಕರೆದ ಹೊತ್ತಿಗೆ ಯಾರೂ ಇರುವುದಿಲ್ಲ; ಇಮಾಮ್‌ಸಾಬ ಚಹಾ ತರಿಸಿದ ಕೂಡಲೇ ಎಲ್ಲರೂ ಇರುತ್ತಾರೆ; ಜಗಳಾಡಿ, ಒಬ್ಬರು ಎದ್ದು ಹೋಗಿ, ಉಳಿದವರು ತೀರ್ಮಾನ ಮಾಡಿ, ಎದ್ದು ಹೋದವರ ಮನೆಗೆ ಹೋಗಿ ಒಪ್ಪಿಸಿ ಬರುತ್ತಾರೆ. ಇಲ್ಲಿ ಹೇಳಿದ ಗಂಟೆ ಹೊಡೆದೊಡನೆ ಸಭೆ ಶುರು. ಮುಗಿಯುವುದು ಯಾವಾಗ ಎಂಬುದನ್ನು ದೇವರೇ ಬಲ್ಲ. ಯಾಕೆಂದರೆ ಪ್ರತಿಯೊಬ್ಬರೂ ಒಪ್ಪಬೇಕು. ಒಬ್ಬರು ತಲೆಯಲ್ಲಾಡಿಸಿದರೆ ಮತ್ತೆ ಮೊದಲಿನಿಂದ.

ನಾವು ಹೋದ ದಿನ ಚರ್ಚೆ ಹೊಸ ಪೋಸ್ಟರಿನ ಬಗ್ಗೆ. 'ಫಕೀರ್' ತಿದ್ದಲು ಒಪ್ಪಿದರು, ಸಂತೋಷ. ಆದರೆ ಬಿಳಿ ಕಾಗದ ಬಳಸಿದರೆ ಮರಗಳಿಗೆ ಅನ್ಯಾಯ, ಹಳೇ ಕಾಗದ ಅರೆದು ಮಾಡಿದ ಬೂದು ಕಾಗದ ಬಳಸಿದರೆ ಅಕ್ಷರ ಕಾಣುವುದಿಲ್ಲ. ಬೂದು ಕಾಗದ ಗೆದ್ದಿತು. ಮರುದಿನ ಬಜಾರಿನಲ್ಲಿ ನಮ್ಮದೇ ಪೋಸ್ಟರಿನ ಎದುರು ನಾವೇ ಹಾದುಹೋದೆವು, ನನಗೆ ಗುರುತು ಹತ್ತಲಿಲ್ಲ.

ಸಭೆಯಲ್ಲಿ ಗಂಡಸರು ಉಣ್ಣೆ ಹೆಣೆಯುತ್ತ ಕೂರುತ್ತಿದ್ದರು. ನಿಜ ಹೇಳುತ್ತೇನೆ. ಅವರಲ್ಲಿ ಡೀಟರ್ ಎಂಬಾತ ಮುಖ್ಯ. ಸಾಲೆಯಲ್ಲಿ ಬಡಗಿತನ ಕಲಿಸುವವ, ದಪ್ಪ ಮೀಸೆ, ಮೆತ್ತಗಿನ ದನಿ. ಹಸಿರು ಸ್ವೆಟರಿನ ತೋಳು ಅವನ ಕೈಯಲ್ಲಿ ದಿನದಿನಕ್ಕೂ ಬೆಳೆಯುತ್ತಿತ್ತು. ಫಕೀರವ್ವನಿಗೆ ಅವನೆಂದರೆ ಬಲು ಮೆಚ್ಚುಗೆ.

"ನಮ್ಮ ಕಂಬಳಿ ನೇಯೂ ಹಾಲುಮತದವರೂ ಹಿಂಗ ಅಡ್ಡಾಡತ್ಲೇ ನೂಲತಾರ. ಗಂಡಸರ ಕೈಗೆ ಕೆಲಸ ಇದ್ರ ಬಾಯಿ ಸಣ್ಣದಿರ್ತದ," ಎಂದಳು. ಡೀಟರನ ವಿಷಯದಲ್ಲಿ ಅದು ಸುಳ್ಳಾಯಿತು.

ಫರ್ ಮರಗಳ ಕಾಡು

ಡೀಟರ್ ನಮ್ಮನ್ನು ಒಂದು ಬೆಳಿಗ್ಗೆ ತನ್ನ ಕಾರಿನಲ್ಲಿ ಕಾಡಿಗೆ ಕರೆದೊಯ್ದ. ಉಲ್ರಿಕೆಯೂ ಜೊತೆಗಿದ್ದಳು. ಆ ವರ್ಷಗಳಲ್ಲಿ ಅವರ ದೇಶದ ಕಾಡುಗಳು ಒಣಗತೊಡಗಿದ್ದವು. ಕಾರ್ಖಾನೆ, ವಾಹನಗಳ ಹೊಗೆ ಮೋಡಕ್ಕೆ ಸೇರಿ ಮಳೆಯೇ ಹುಳಿಯಾಗಿ ಸುರಿಯುತ್ತದೆ, ಅದರಿಂದ ಮರ ಸಾಯುತ್ತದೆ ಎಂದು ಡೀಟರ್ ವಿವರಿಸಿದ. ಮೇಲಿನ ದಿಬ್ಬದ ತುಂಬ ಎತ್ತರದ ಮರಗಳು ಹಳದಿಯಾಗಿ, ತುದಿಯಲ್ಲಿ ಬೋಳಾಗಿ ನಿಂತಿದ್ದವು. ಜನ ಕೆಲವು ಮರಗಳಿಗೆ ಬಿಳಿಯ ಶಿಲುಬೆ ಕಟ್ಟಿದ್ದರು. ಡೀಟರ್ ಮಾತಾಡುತ್ತ ಮಾತಾಡುತ್ತ ನಿಂತುಬಿಟ್ಟ. ಅವನ ಕಣ್ಣು ತುಂಬಿತ್ತು. ಚಿಕ್ಕವನಿದ್ದಾಗ ಅಪ್ಪನ ಜೊತೆ ನಡೆದ ಕಾಡಂತೆ.

ಫಕೀರವ್ವ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು. ನಂತರ ನನ್ನ ಕಡೆ ತಿರುಗಿ, "ಹೊಗಿ ಬಿಡೋರು ಯಾರು? ಅವರ ಬಾಗಿಲಿಗೆ ಹೋಗಿ ಕುಂದರಬೇಕಿಲ್ಲೇನು? ಸತ್ತ ಗಿಡದ ಮುಂದ ಅತ್ತು ಏನು ಮಾಡೂದೈತಿ?" ಎಂದಳು.

ಅನುವಾದಿಸಿದೆ. ಡೀಟರ್ ಕಣ್ಣು ಒರೆಸಿಕೊಂಡು, "ಹೊಗೆ ಬಿಡುವವರು ನಾವೆಲ್ಲರೂ," ಎಂದ. ನಾನು ಕೆಳಗೆ ನಿಂತ ಅವನ ಕಾರಿನ ಕಡೆ ನೋಡಿದೆ, ಅವನೂ ನೋಡಿದ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಫಕೀರವ್ವ ಅವನಿಗೆ ಸಮಾಧಾನ ಹೇಳಲು ಹೋದಳು. ತಮ್ಮೂರಲ್ಲೂ ಗಿಡದ ತ್ರಾಸೇ ಆಗಿದೆ, ಕಂಪನಿಯವರು ನೆಟ್ಟದ್ದನ್ನು ತಾನೇ ಮೊದಲು ನಿಂತು ಕಿತ್ತೆ, ಇಡೀ ಬಯಲು ಕಿತ್ತೆವು ಎಂದಳು. ಇದನ್ನೂ ಇದ್ದದ್ದಿದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಊರವರು ಸಸಿ ಕಿತ್ತರೆಂದು ನಾವು ಪತ್ರದಲ್ಲೂ ಬರೆದಿದ್ದೆವು. ಆದರೆ ಆ ಪತ್ರವನ್ನು ಓದಿದವಳು ಉಲ್ರಿಕೆಯೊಬ್ಬಳೇ ಎಂದು ಕಾಣುತ್ತದೆ. ಡೀಟರನ ಮುಖ ಬಿಳಿಚಿತು.

"ಸಸಿಗಳನ್ನು? ಜೀವಂತ ಸಸಿಗಳನ್ನು?"

"ಹೌದು."

ಅವನು ನಮ್ಮನ್ನು ಬಿಟ್ಟು ದಿಬ್ಬ ಇಳಿದು ಕಾರಿನ ಕಡೆ ಹೊರಟ.

ಮತ್ತೆ ನೆಲಮಾಳಿಗೆ

ಮರುದಿನ ಗುಂಪು ಸಭೆ ಸೇರಿತು. ನಮ್ಮನ್ನು ಕರೆಯಲಿಲ್ಲ. ಸಂಜೆ ಉಲ್ರಿಕೆ ಮನೆಗೆ ಬಂದು ಕೋಟು ಸಹ ತೆಗೆಯದೆ ನನ್ನೆದುರು ಕೂತಳು.

"ಸರೋಜಾ, ನಾಳೆ ಟೌನ್‌ಹಾಲ್‌ನಲ್ಲಿ ನಿಧಿಯ ಅಧಿಕಾರಿಯ ಎದುರು ಆಡು, ಹುಲ್ಲು, ಕೇಸು ಎಲ್ಲ ಹೇಳಬಹುದು. ಸಸಿ ಕಿತ್ತದ್ದನ್ನು ಮಾತ್ರ ಬಿಡಬೇಕು. ಗುಂಪು ಹಾಗೆ ನಿರ್ಧರಿಸಿದೆ. ಇಲ್ಲಿಯ ಜನಕ್ಕೆ ಮರವೆಂದರೆ ಈಗ ಮನೆಯಲ್ಲಿ ಕಾಯಿಲೆ ಬಿದ್ದವರಿದ್ದ ಹಾಗೆ. ಕೇಳಿದರೆ ನಿಮ್ಮನ್ನು ದ್ವೇಷಿಸುತ್ತಾರೆ."

"ನೀವು ಒಪ್ಪಿದಿರಾ?"

"ಕೊನೆಯವರೆಗೆ ಒಪ್ಪಲಿಲ್ಲ. ಎಲ್ಲರೂ ದಣಿದಿದ್ದರು. ಕಡೆಗೆ..." ಎಂದು ಕೈ ಚೆಲ್ಲಿದಳು.

ನನಗೆ ಸಿಟ್ಟು ತಡೆಯಲಾಗಲಿಲ್ಲ. ಕಾಗದದ ಬಣ್ಣಕ್ಕೆ ಎಲ್ಲರ ಒಪ್ಪಿಗೆ ಬೇಕು, ಫಕೀರವ್ವನ ಬಾಯಿಗೆ ಅವಳ ಒಪ್ಪಿಗೆ ಬೇಡವೇ? ಏಳು ಸಮುದ್ರ ದಾಟಿ ಬಂದದ್ದು ನಿಮ್ಮ ಜನರ ಮನಸ್ಸು ತಂಪಾಗಿಡಲಿಕ್ಕೇ? ಗಾಯರಾಣ ನಮ್ಮಿಂದ ಕಿತ್ತುಕೊಂಡವರೂ ಹೀಗೇ, ನಮ್ಮನ್ನು ಬಿಟ್ಟು ಎಲ್ಲರೂ ಒಪ್ಪಿದ್ದರು. ಹೀಗೆಲ್ಲ ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ, ಕ್ರಿಯಾಪದ ಎಲ್ಲೆಲ್ಲೋ ಬೀಳುತ್ತ, ಕೂಗಾಡಿದೆ. ಉಲ್ರಿಕೆ ತಲೆ ತಗ್ಗಿಸಿ ಕೇಳಿದಳು. ಅದರಿಂದ ನನ್ನ ಸಿಟ್ಟು ಇನ್ನೂ ಏರಿತು.

ಫಕೀರವ್ವ ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು.

"ಏನಂತ?"

ಹೇಳಿದೆ. ಅವಳು ಎಲೆ ಮಡಿಚಿ ಬಾಯಿಗಿಟ್ಟಳು, ಅಗಿದಳು. ಆಮೇಲೆ, "ಆಕಿಗೆ ಊಟ ಆಗೇತೇನು ಕೇಳ್ರಿ. ಮಾರಿ ಬಾಡೇತಿ," ಎಂದಳು.

ಟೌನ್‌ಹಾಲ್

ಬೂದು ಪೋಸ್ಟರ್ ಇದ್ದರೂ ಹಾಲ್ ತುಂಬಿತ್ತು. ಅಧಿಕಾರಿ ನೆಟ್ಟಗಿನ ಮನುಷ್ಯ, ಕತ್ತರಿಸಿದ ಬಿಳಿ ಗಡ್ಡ. ಎದ್ದು ನಿಂತು ನಮ್ಮ ಕೈ ಕುಲುಕಿದ. ಮುಂದಿನ ಸಾಲಿನಲ್ಲಿ ಡೀಟರ್, ಮಡಿಲಲ್ಲಿ ಹಸಿರು ಉಣ್ಣೆ. ಫಕೀರವ್ವ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿಗೆ ತರುವುದು, ಉಲ್ರಿಕೆ ಜರ್ಮನ್ ಭಾಷೆಗೆ ತರುವುದು ಎಂದು ಮಾತಾಗಿತ್ತು.

ಫಕೀರವ್ವ ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಾರಿಗೂ ಶರಣ್ರಿ. ನಾ ಆಡು ಕಾಯಾಕಿ. ನಮ್ಮ ಗಾಯರಾಣದಾಗ ನಿಮ್ಮ ರೊಕ್ಕದ ನೀಲಗಿರಿ ಹಚ್ಚಿದ್ರು. ನಾವು ಕಿತ್ತೇವಿ. ಮೊದಲ ಕಿತ್ತಾಕಿ ನಾನ. ಈ ಕೈಲೆ."

ಬಲಗೈ ಎತ್ತಿ ತೋರಿಸಿದಳು. ನಾನು ಇಂಗ್ಲಿಷಿಗೆ ತಂದೆ, ಒಂದು ಶಬ್ದವನ್ನೂ ಬಿಡಲಿಲ್ಲ. ಈಗ ಉಲ್ರಿಕೆಯ ಪಾಳಿ. ಡೀಟರನ ಕೈ ಹೆಣಿಗೆಯ ಮೇಲೆ ನಿಂತಿತ್ತು. ಅವನು ಅವಳನ್ನೇ ನೋಡುತ್ತ ಮೆಲ್ಲಗೆ ತಲೆಯಲ್ಲಾಡಿಸಿದ, ಬೇಡ ಎಂದು. ಇಬ್ಬರೂ ಎಷ್ಟೋ ವರ್ಷ ಒಂದೇ ಗುಂಪಿನಲ್ಲಿ ಒಟ್ಟಿಗೆ ದುಡಿದವರು. ಉಲ್ರಿಕೆ ಮೇಜಿನ ಅಂಚು ಹಿಡಿದುಕೊಂಡಳು. ಆಮೇಲೆ ಹೇಳಿದಳು.

ನನಗೆ ಜರ್ಮನ್ ಬಾರದು. ಆದರೂ ಪೂರ್ತಿ ಹೇಳಿದಳೆಂದು ತಿಳಿಯಿತು. ಯಾಕೆಂದರೆ ತನ್ನ ಬಲಗೈಯನ್ನೂ ಎತ್ತಿದಳು, ಮತ್ತು ಹಿಂದಿನ ಸಾಲಿನಲ್ಲಿ ಒಬ್ಬಾಕೆ ಎದ್ದು ಕೋಟು ಹಾಕಿಕೊಂಡು ಹೊರಟೇಬಿಟ್ಟಳು. ಅವಳ ಹಿಂದೆ ಇನ್ನೂ ಕೆಲವರು. ಯಾರೋ ಕೂಗಿದರು. ಉಲ್ರಿಕೆ ನನ್ನ ಕಡೆ ಬಾಗಿ ಹೇಳಿದಳು: "ಮರ ಕೊಂದವರನ್ನು ಇಲ್ಲಿಗೆ ಯಾಕೆ ಕರೆದಿರಿ ಎನ್ನುತ್ತಿದ್ದಾರೆ."

ಅಧಿಕಾರಿ ಕೈಯೆತ್ತಿ ಹಾಲನ್ನು ಸುಮ್ಮನಾಗಿಸಿದ. ಅವನ ಮುಖವೂ ಬಿಗಿದಿತ್ತು. "ನಮಗೆ ಹೇಳಿದ್ದು ಅದು ಬಂಜರು ಭೂಮಿ ಎಂದು. ಅಲ್ಲಿ ಏನೂ ಇರಲಿಲ್ಲ ಎಂದು. ಮೊದಲು ಅಲ್ಲಿ ಏನಿತ್ತು?"

ನಾನು ಅದನ್ನು ಕನ್ನಡಕ್ಕೆ ತಂದೆ. ಫಕೀರವ್ವನಿಗೆ ನಗು ಬಂತು. ಇಂಥ ಸುಲಭದ ಪ್ರಶ್ನೆಯನ್ನು ಅವಳಿಗೆ ಇಷ್ಟು ದಿನ ಯಾರೂ ಕೇಳಿರಲಿಲ್ಲ.

"ಏನಿದ್ದಿಲ್ಲ ಕೇಳ್ರಿ! ಕರಿಕಿ ಇತ್ತು. ಬಾರಿಕಂಟಿ ಇತ್ತು. ಕವಳಿ ಹಣ್ಣಿನ ಗಿಡ ಇದ್ದೂವು. ತಂಗಡಿ, ಕಾರಿ, ಕಸಬರಿಗಿ ಹುಲ್ಲು, ಸೀತಾಫಲ, ಲಕ್ಕಿ..."

ಹೇಳುತ್ತಲೇ ಹೋದಳು. ಇವುಗಳಿಗೆಲ್ಲ ಇಂಗ್ಲಿಷ್ ಯಾವ ಪಾಠಪುಸ್ತಕದಲ್ಲಿತ್ತು? ಕಡೆಗೆ, "ಹುಲ್ಲು ಮತ್ತು ಪೊದೆ," ಎಂದೆ. ಉಲ್ರಿಕೆ ಅದನ್ನು ಇನ್ನೂ ಚಿಕ್ಕದು ಮಾಡಿ ಒಂದೇ ಶಬ್ದ ಹೇಳಿದಳು.

ಹಾಲಿನ ನಡುವಿನಿಂದ ಮುದುಕರೊಬ್ಬರು ಎದ್ದರು. ನೋಡಿದರೆ ನಮ್ಮ ಪಕ್ಕದ ಮನೆಯವರು, ಆದಿತ್ಯವಾರ ಬಂದು ಬೈದವರು! ಅವರು ಹೇಳಿದ್ದನ್ನು ಉಲ್ರಿಕೆ ನಮಗೆ ತಿಳಿಸಿದಳು: "ಆಕೆ ಇಷ್ಟುದ್ದ ಹೇಳಿದಳು, ನೀವು ಒಂದೇ ಶಬ್ದ ಹೇಳುತ್ತೀರಿ. ಉಳಿದದ್ದು ಎಲ್ಲಿ ಹೋಯಿತು?"

ಕೆಲವರು ನಕ್ಕರು. ಅಧಿಕಾರಿ ನಗಲಿಲ್ಲ. "ಮತ್ತೊಮ್ಮೆ ಹೇಳಲು ಹೇಳಿ. ನಿಧಾನವಾಗಿ. ಅನುವಾದ ಬೇಡ," ಎಂದ.

ಫಕೀರವ್ವ ಮತ್ತೊಮ್ಮೆ ಹೇಳಿದಳು. ಕರಿಕಿ, ಬಾರಿ, ಕವಳಿ, ತಂಗಡಿ. ಯಾವುದು ಆಡಿಗೆ, ಯಾವುದು ಬಾಣಂತಿಗೆ, ಯಾವುದು ಬೇಲಿಗೆ, ಯಾವ ತಿಂಗಳಿಗೆ ಯಾವ ಹಣ್ಣು ಎಂದೆಲ್ಲ ಕನ್ನಡದಲ್ಲಿಯೇ ಹೇಳಿದಳು. ಬಾಗಿಲವರೆಗೆ ಹೋದವರಲ್ಲಿ ಇಬ್ಬರು ಅಲ್ಲಿಯೇ ನಿಂತು ಕೇಳಿದರು. ಕೋಟು ಹಾಕಿಕೊಂಡಾಕೆ ಮಾತ್ರ ಹೊರಟೇ ಹೋಗಿದ್ದಳು.

ಮುಗಿದ ಮೇಲೆ ಅಧಿಕಾರಿ ಹೇಳಿದ್ದು ಇಷ್ಟೇ: ಸಸಿ ಕಿತ್ತದ್ದನ್ನು ತಾನು ಒಪ್ಪುವುದಿಲ್ಲ. ಆದರೆ ನೋಡದೆ ಇನ್ನೊಂದು ಸಸಿಗೂ ಬೆಂಬಲ ಕೊಡುವುದಿಲ್ಲ. ಮಳೆಗೆ ಮೊದಲು ತಾನೇ ಬರುತ್ತೇನೆ.

ನನಗೆ ಕುಣಿಯಬೇಕೆನಿಸಿತು. ಉಲ್ರಿಕೆಯ ಕಡೆ ತಿರುಗಿದೆ. ಅವಳು ಡೀಟರನ ಮುಂದೆ ನಿಂತಿದ್ದಳು. ಅವನು ಉಣ್ಣೆ, ಸೂಜಿ ಎಲ್ಲ ಚೀಲಕ್ಕೆ ತುಂಬಿಕೊಂಡು, ಅವಳನ್ನು ದಾಟಿ ಹೊರಟ.

ಹೊರಡುವ ದಿನ

ಮರುದಿನ ಗುಂಪಿನಲ್ಲಿ ಎರಡು ಗುಂಪಾದವು. ಡೀಟರನ ಕಡೆಯವರು ಬೇರೆ ಕೋಣೆಯಲ್ಲಿ ಸೇರಿದರು. ಒಮ್ಮತವನ್ನು ಮುರಿದವಳೆಂದು ಉಲ್ರಿಕೆಯನ್ನು ಉಳಿದವರೂ ಸುಮ್ಮನೆ ಬಿಡಲಿಲ್ಲ. ಕೆಲಸ ಕೈಗೂಡಿದ ಮರುದಿನವೇ ಇವರಿಗೆ ಜಗಳಕ್ಕೆ ಹುರುಪು ಬಂದದ್ದು ನೋಡಿ ನನಗೆ ಒಮ್ಮೆಲೇ ಹಾನಗಲ್ಲಿನ ನೆನಪಾಯಿತು. ಕೇಸಿನಲ್ಲಿ ಜಾಮೀನು ಸಿಕ್ಕ ಸಂಜೆಯೇ ನಮ್ಮ ವಕೀಲರೂ ಇಮಾಮ್‌ಸಾಬನೂ ಹಾರ ಯಾರು ಹಾಕಬೇಕೆಂದು ಕಾದಾಡಿ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು.

ರೈಲು ನಿಲ್ದಾಣಕ್ಕೆ ಉಲ್ರಿಕೆ ಒಬ್ಬಳೇ ಬಂದಳು. "ಡೀಟರ್ ಕೆಟ್ಟವನಲ್ಲ," ಎಂದಳು, ನಾನು ಕೇಳದಿದ್ದರೂ. "ಮರಗಳನ್ನು ನಿಜವಾಗಿ ಪ್ರೀತಿಸುತ್ತಾನೆ."

ಫಕೀರವ್ವ ಉಳಿದಿದ್ದ ಎಲೆಗಳನ್ನೆಲ್ಲ ಅವಳ ಕೈಗೆ ಕೊಟ್ಟು, ಗಲ್ಲಕ್ಕೆ ಕೈಯೊತ್ತಿ ದೃಷ್ಟಿ ತೆಗೆದು ಲಟಿಕೆ ಮುರಿದಳು.

"ಆಕಿಗೆ ಹೇಳು ಸರೋಜಾ, ನಾ ಹೇಳೂದು ಹೇಳಿದೆ, ನನಗ ಏನೂ ಹೋಗಲಿಲ್ಲ. ಹೋದದ್ದು ಆಕಿಗೆ ಹೋತು ಅಂತ ಹೇಳು."

ಹೇಳಿದೆ. ಉಲ್ರಿಕೆ ಅತ್ತಳು, ನಾನೂ ಅತ್ತೆ. ಫಕೀರವ್ವ ಇಬ್ಬರಿಗೂ ಬೈದು ರೈಲು ಹತ್ತಿದಳು. ಅವಳು ನನ್ನನ್ನು ಅಕ್ಕೋರ ಎಂದು ಕರೆಯದೆ ಹೆಸರು ಹಿಡಿದು ಕರೆದದ್ದು ರೈಲು ಬಹಳ ದೂರ ಬಂದ ಮೇಲೆ ನನ್ನ ಲಕ್ಷ್ಯಕ್ಕೆ ಬಂತು.

ದುಂಡಸಿ ಬಸ್ಸು

ಆ ಅಧಿಕಾರಿ ಮಾತಿನಂತೆ ಬಂದ. ಕಂಪನಿಯವರು ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು, ಡಾಂಬರು ರಸ್ತೆಯ ಪಕ್ಕದಲ್ಲಿ ಹುಲುಸಾಗಿ ಬೆಳೆದ ಒಂದು ತೋಪು ತೋರಿಸಿ, ಚಹಾ ಕುಡಿಸಿ ಕಳಿಸುವವರಿದ್ದರು. ಫಕೀರವ್ವ, ಊರ ಹೆಂಗಸರು ತಮ್ಮ ಆಡುಗಳನ್ನೆಲ್ಲ ಹೊಡೆದುಕೊಂಡು ರಸ್ತೆಗೆ ಅಡ್ಡ ಬಂದರು. ಆಡುಗಳಿಗೆ ಯಾವ ಹಾರ್ನಿನ ಅಂಜಿಕೆಯೂ ಇಲ್ಲ. ಅಧಿಕಾರಿ ಜೀಪಿನಿಂದ ಇಳಿದು, ಫಕೀರವ್ವನನ್ನು ಗುರುತಿಸಿ ಕೈ ಮುಗಿದು, ಅವಳ ಹಿಂದೆ ಗಾಯರಾಣಕ್ಕೆ ನಡೆದುಹೋದ. ಬಾರಿಕಂಟಿಯ ಮುಳ್ಳು ಅವನ ಪ್ಯಾಂಟನ್ನು ಹರಿದುಹಾಕಿತು. "ಇದ ನೋಡ್ರಿ ಬಾರಿ," ಎಂದು ಅವಳು ತೋರಿಸಿದಳು. ನನಗೆ ಅನುವಾದಿಸುವ ಕೆಲಸ ಬೀಳಲಿಲ್ಲ.

ಆ ಮಳೆಗೆ ಹಾನಗಲ್ಲಿನ ಆ ಗಾಯರಾಣದಲ್ಲಿ ಸಸಿ ಬೀಳಲಿಲ್ಲ. ಇಮಾಮ್‌ಸಾಬ ಸೈಕಲ್ ಶಾಪಿನ ಮುಂದೆ ಎಲ್ಲರಿಗೂ ಪೇಢೆ ಹಂಚಿದ. ವಕೀಲರೂ ಬಂದು ತಿಂದರು. ಒಂದು ವಾರವಿಡೀ ನಾನು ಪಾಠ ಮಾಡುವಾಗಲೂ ನಗುತ್ತಿದ್ದೆನಂತೆ, ಹುಡುಗಿಯರು ಹೇಳಿದರು.

ಆಮೇಲಿನ ಆದಿತ್ಯವಾರ ವಕೀಲರು ಶಿಗ್ಗಾವಿಯಿಂದ ಸುದ್ದಿ ತಂದರು. ಜರ್ಮನಿಯ ಬೆಂಬಲ ಹೋದರೇನಾಯಿತು, ಕಂಪನಿಗೆ ಬೇರೆ ಯಾರೋ ಸಿಕ್ಕಿದ್ದಾರೆ. ನಮ್ಮ ಕಡೆ ಇಳಿಯಬೇಕಿದ್ದ ಅವೇ ಸಸಿಗಳು ಲಾರಿಯಲ್ಲಿ ದುಂಡಸಿಯ ಕಡೆ ಹೋಗಿ, ಅಲ್ಲಿಯ ಒಂದು ಹಳ್ಳಿಯ ಗಾಯರಾಣದ ದಂಡೆಗೆ ಇಳಿದಿವೆ.

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ವಿಮಾನ, ವಾಂತಿ, ಸೊಪ್ಪಿನ ಕಷಾಯ, ಬೂದು ಕಾಗದ, ಮುರಿದು ಬಿದ್ದ ಉಲ್ರಿಕೆಯ ಗುಂಪು, ಕತ್ತರಿಸಿದ ನನ್ನ ರಜೆ ಎಲ್ಲ ಒಟ್ಟಿಗೇ ನೆನಪಾಯಿತು. ಇಷ್ಟೆಲ್ಲ ಮಾಡಿದ್ದು ಲಾರಿಯನ್ನು ಒಂದು ತಾಲೂಕಿನಿಂದ ಪಕ್ಕದ ತಾಲೂಕಿಗೆ ದಾಟಿಸಲಿಕ್ಕೇ? "ನನಗ ಇನ್ನ ಆಗೂದಿಲ್ಲ," ಎಂದೆ. "ನನಗ ಸಾಕಾಗೇತಿ. ಬ್ಯಾರೆ ಯಾರನ್ನರ ನೋಡ್ರಿ."

ವಕೀಲರು ಏನೋ ಹೇಳಹೋದರು. ಇಮಾಮ್‌ಸಾಬ ಅವರಿಗೆ ಕಣ್ಣಿನಿಂದಲೇ ಬೇಡವೆಂದ. ಅಷ್ಟರಲ್ಲಿ ದುಂಡಸಿ ಬಸ್ಸು ಬಂದು ನಿಂತಿತು. ಫಕೀರವ್ವ ಬುತ್ತಿಯ ಗಂಟು ಕಂಕುಳಿಗಿಟ್ಟು ಎದ್ದಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನಿಂತಳು. ಹಿಂದೆ ನಿಂತವರು ಗೊಣಗತೊಡಗಿದರು, ಕಂಡಕ್ಟರ್ ಸೀಟಿ ಊದಿದ.

"ಅಲ್ಲಿ ಕನ್ನಡನ ಸಾಕು," ಎಂದಳು. "ಬರ್ತಿಯೋ ಇಲ್ಲೋ?"

ಬೈಯುತ್ತಲೇ ಎದ್ದೆ. ಕಿಟಕಿಯ ಪಕ್ಕದ ಸೀಟನ್ನು ಅವಳು ಆಗಲೇ ಹಿಡಿದಿದ್ದಳು.